ಸ್ಕೇಲ್ ಎಕ್ಸಾಸ್ಟ್‌ಗೆ ಫ್ರಿಜ್ ರಿಪೇರಿಯ ತಾಮ್ರದ ಪೈಪು

ಗ್ಲೋ ಎಂಜಿನ್ (ಮೆಥನಾಲ್ ಇಂಧನದ ಪುಟ್ಟ ಎಂಜಿನ್) ಇರುವ ಮಾಡೆಲ್ ವಿಮಾನದ ಸ್ಕೇಲ್ (ಅಸಲಿಯಂತೆ ಕಾಣುವ) ಎಕ್ಸಾಸ್ಟ್‌ಗೆ ಫ್ರಿಜ್ ರಿಪೇರಿಗೆ ಬಳಸುವ, ಸುರುಳಿಯಲ್ಲಿ ಸಿಗುವ ಮೆದು ತಾಮ್ರದ ಪೈಪು ತುಂಬ ಒಳ್ಳೆಯದು. 3/8 ಇಂಚಿನದು, 0.8 ಮಿ.ಮೀ. ದಪ್ಪದ್ದು ಕೊಳ್ಳಿ, ಒಳವ್ಯಾಸ ಸುಮಾರು 7.9 ಮಿ.ಮೀ. ಮಫ್ಲರ್ (ಎಂಜಿನ್ ಸದ್ದು ತಗ್ಗಿಸುವ ಡಬ್ಬಿ) ಬಾಯಿ ಇದಕ್ಕಿಂತ ದೊಡ್ಡದಿದ್ದರೆ ಬೇಡ, ಹೊಗೆ ಕಟ್ಟಿಕೊಂಡು ಎಂಜಿನ್ ಕಾಯುತ್ತದೆ.

ಬಗ್ಗಿಸುವ ಮೊದಲು ಒಣ ಮರಳು ಗಟ್ಟಿಯಾಗಿ ತುಂಬಿ, ಎರಡೂ ತುದಿ ಮುಚ್ಚಿ. ಇಲ್ಲದಿದ್ದರೆ ತಿರುವು ಚಪ್ಪಟೆಯಾಗುತ್ತದೆ. ಬಗ್ಗಿಸುತ್ತಾ ಗಡುಸಾದರೆ ಮರಳು ಸುರಿದು, ಮಂದ ಕೆಂಪಿಗೆ ಕಾಯಿಸಿ ನೀರಿಗದ್ದಿ, ಮತ್ತೆ ಮೆದುವಾಗುತ್ತದೆ. ಬೆಸುಗೆಗೆ ಸಿಲ್ವರ್ ಸೋಲ್ಡರೇ (ಬೆಳ್ಳಿ ಬೆರೆತ, ಹೆಚ್ಚು ಬಿಸಿಗೆ ಕರಗುವ ಬೆಸುಗೆ ಲೋಹ) ಆಗಬೇಕು, ರೇಡಿಯೋ ರಿಪೇರಿಯ ಸೀಸದ್ದು ಬಿಸಿಗೆ ಬಿಟ್ಟುಕೊಳ್ಳುತ್ತದೆ. ಮಫ್ಲರ್‌ಗೆ ಸಿಲಿಕೋನ್ ಟ್ಯೂಬಿನಿಂದ ಜೋಡಿಸಿ. ಬಿಗಿಯಾಗಿ ಕಟ್ಟಿದರೆ ನಡುಕಕ್ಕೆ ಬೆಸುಗೆಯ ಬುಡದಲ್ಲೇ ಬಿರುಕು.

ದೊಡ್ಡ ಕೊರತೆ ತೂಕ: 15 ಸೆಂ.ಮೀ.ಗೆ ಸುಮಾರು 30 ಗ್ರಾಂ. ಅದೇ ಅಳತೆಯ ಅಲ್ಯೂಮಿನಿಯಂ 9 ಗ್ರಾಂ ಅಷ್ಟೆ. ಎಲೆಕ್ಟ್ರಿಕ್ ಮಾಡೆಲ್‌ನ ಬರೀ ತೋರಿಕೆಯ ಎಕ್ಸಾಸ್ಟ್‌ಗೆ ತಾಮ್ರ ಖಂಡಿತ ಬೇಡ.