ಟಿಕೆಟ್ ಕೈಯಲ್ಲೇ ಇತ್ತು, ಆದರೂ ದಂಡ ಕಟ್ಟಿದೆವು: ಪ್ರಾಗ್‌ಗೆ ಹೊರಟವರ ಗಮನಕ್ಕೆ

ಮೂರು ಟಿಕೆಟ್ ನನ್ನ ಕೈಯಲ್ಲೇ ಇದ್ದವು. ದುಡ್ಡು ಕೊಟ್ಟು ಹತ್ತು ನಿಮಿಷದ ಹಿಂದಷ್ಟೇ ತಗೊಂಡಿದ್ದು. ಆದರೂ ಚೆಕ್ ದೇಶದ ರಾಜಧಾನಿ ಪ್ರಾಗ್‌ನ ಮೆಟ್ರೋದಲ್ಲಿ 3,000 ಕೊರುನಾ (ಅಲ್ಲಿನ ಹಣ) ದಂಡ ಕಟ್ಟಿ ಬಂದೆ. ನಮ್ಮ ಲೆಕ್ಕದಲ್ಲಿ ಹತ್ತು ಸಾವಿರ ರೂಪಾಯಿಗಿಂತ ಜಾಸ್ತಿ. ಅಲ್ಲಿಗೆ ಹೊರಟಿದ್ದರೆ ಟಿಕೆಟ್ ತೆಗೆಯುವ ಮುಂಚೆ ಇದನ್ನೊಮ್ಮೆ ಓದಿ.

2024ರ ಮೇ ತಿಂಗಳು. ನಾನು, ಹೆಂಡತಿ, ಭಾವಮೈದುನ ಬೆಂಗಳೂರಿನಿಂದ ಹೋಗಿದ್ದೆವು. ಇಳಿದ ಸಂಜೆ ಊರು ನೋಡೋಣ ಅಂತ 22ನೇ ನಂಬರಿನ ಟ್ರ್ಯಾಮ್ ಹತ್ತಿದೆವು. ಒಳಗೆ ಬಾಗಿಲ ಹತ್ತಿರ ಕಿತ್ತಳೆ ಬಣ್ಣದ ಒಂದು ಮೆಷಿನ್. ಕಾರ್ಡ್ ತಾಗಿಸಿದರೆ ಟಿಕೆಟ್ ಬಂತು, ಜೇಬಿಗೆ ಹಾಕಿಕೊಂಡೆವು, ಮುಗೀತು. ಇಷ್ಟು ಸುಲಭವಾ ಅಂತ ಖುಷಿಯಾಯಿತು. ಆ ಖುಷಿಯೇ ಮರುದಿನ ನಮ್ಮನ್ನು ಹಾಳು ಮಾಡಿತು.

ಬೆಳಿಗ್ಗೆ ಕೋಟೆಗೆ ಹೊರಟೆವು. ಮೂಸ್ತೆಕ್ ಸ್ಟೇಷನ್ನಿನಲ್ಲಿ ಎ ಲೈನ್ ಹಿಡಿದರೆ ಎರಡನೇ ಸ್ಟೇಷನ್ನೇ ಮಾಲೊಸ್ತ್ರಾನ್‌ಸ್ಕಾ, ಅಲ್ಲಿಂದ ಮೇಲಕ್ಕೆ ಟ್ರ್ಯಾಮ್. ಸ್ಟೇಷನ್ನಿನ ಮೆಷಿನ್ನಿನಲ್ಲಿ 90 ನಿಮಿಷದ ಟಿಕೆಟ್ ಮೂರು ತೆಗೆದೆ, ಆಗಿನ ದರ ತಲೆಗೆ 40 ಕೊರುನಾ. ಎಸ್ಕಲೇಟರ್ ಕಡೆ ನಡೆದೆವು. ನಮ್ಮ ಮೆಟ್ರೋ ಥರ ಗೇಟು ಇಲ್ಲ, ತಡೆಯುವವರು ಯಾರೂ ಇಲ್ಲ. ಸೊಂಟದ ಎತ್ತರಕ್ಕೆ ಒಂದು ಹಳದಿ ಡಬ್ಬಿ ನಿಂತಿತ್ತು. ಅದನ್ನು ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಏನೋ ಅವರದ್ದೇ ಉಪಯೋಗಕ್ಕೆ ಇರಬೇಕು ಅಂದುಕೊಂಡು ಪಕ್ಕದಲ್ಲೇ ದಾಟಿ ಹೋದೆ.

ರೈಲಿನಲ್ಲಿ ಬಾಗಿಲು ಮುಚ್ಚುವ ಮುಂಚೆ ಒಂದು ದನಿ ಬರುತ್ತದೆ: 'ಉಕೊಂಚೆತೆ ಪ್ರೊಸೀಮ್ ವೀಸ್ತುಪ್ ಅ ನಾಸ್ತುಪ್, ದ್ವೆರ್‌ಝೆ ಸೆ ಝವೀರಯೀ.' ಹತ್ತುವುದು ಇಳಿಯುವುದು ಮುಗಿಸಿ, ಬಾಗಿಲು ಮುಚ್ಚುತ್ತಿದೆ ಅಂತ ಅರ್ಥ. ಭಾವಮೈದುನ ಅದನ್ನು ಅಣಕಿಸುತ್ತಾ ಬಂದ. ಮಾಲೊಸ್ತ್ರಾನ್‌ಸ್ಕಾದಲ್ಲಿ ಇಳಿದು ಎಸ್ಕಲೇಟರ್ ಹತ್ತಿರ ಬಂದರೆ ಜೀನ್ಸ್ ತೊಟ್ಟ ಇಬ್ಬರು ಅಡ್ಡ ನಿಂತರು. ಒಬ್ಬ ಅಂಗೈ ಬಿಚ್ಚಿ ಟಿಕೆಟ್ ತಪಾಸಣೆಯವರ ಲೋಹದ ಬಿಲ್ಲೆ ತೋರಿಸಿದ. ನಾನು ಧೈರ್ಯವಾಗಿ ಮೂರೂ ಟಿಕೆಟ್ ಕೊಟ್ಟೆ. ಆತ ತಿರುಗಿಸಿ ನೋಡಿ, ಖಾಲಿ ಜಾಗಕ್ಕೆ ಹೆಬ್ಬೆರಳ ಉಗುರು ಒತ್ತಿ, 'ನೋ ಸ್ಟ್ಯಾಂಪ್' ಅಂದ.

ವಿಷಯ ಇಷ್ಟೇ. ಟ್ರ್ಯಾಮ್ ಒಳಗಿನ ಮೆಷಿನ್ ಕೊಡುವ ಟಿಕೆಟ್ಟಿಗೆ ಸಮಯ ಬಿದ್ದೇ ಇರುತ್ತದೆ. ಸ್ಟೇಷನ್ನಿನ ಮೆಷಿನ್ ಕೊಡುವ ಟಿಕೆಟ್ಟಿಗೆ ಇರುವುದಿಲ್ಲ. ಅದನ್ನು ಆ ಹಳದಿ ಡಬ್ಬಿಗೆ ತೂರಿಸಿ ನಾವೇ ಸೀಲ್ ಹಾಕಿಸಬೇಕು. ಮೆಟ್ರೋ ಆದರೆ ಕೆಳಗಿಳಿಯುವ ಮುಂಚೆ, ಟ್ರ್ಯಾಮ್ ಬಸ್ ಆದರೆ ಹತ್ತಿದ ಕೂಡಲೇ. ಸೀಲ್ ಇಲ್ಲದ ಟಿಕೆಟ್ ಅವರ ಪಾಲಿಗೆ ಸುಮ್ನೆ ಕಾಗದ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟರೆ ಕೆಲಸ ಮುಗೀತು ಅಂತ ಬೆಳೆದ ನಮಗೆ ಇದು ಹೊಳೆಯುವುದಾದರೂ ಹೇಗೆ, ಅಲ್ವಾ?

ವಾದ ಮಾಡಿದೆ, ಬೇಡಿಕೊಂಡೆ. ಪ್ರವಾಸಿ, ಗೊತ್ತಿರಲಿಲ್ಲ, ದುಡ್ಡು ಕೊಟ್ಟಿದ್ದೀನಿ ನೋಡಿ ಅಂದೆ. ಆತ ದಿನಾ ಇದನ್ನೇ ಕೇಳುವವನು, ಮುಖ ಅಲ್ಲಾಡಲಿಲ್ಲ. ಆಗ ಅಲ್ಲೇ ಕಟ್ಟಿದರೆ ತಲೆಗೆ 1,000, ತಡವಾದರೆ 1,500 ಇತ್ತು. ಅಲ್ಲೇ ಕಟ್ಟಿ ರಸೀದಿ ತಗೊಂಡೆ. ರಸೀದಿ ಕೊಡದೆ ಬರೀ ನಗದು ಕೇಳಿದರೆ ಮಾತ್ರ ಅನುಮಾನ ಪಡಿ, ಬಿಲ್ಲೆ ನೋಡದೆ ಪರ್ಸ್ ತೆಗೆಯಬೇಡಿ. ಆತನ ಮೇಲೆ ನನಗೆ ಸಿಟ್ಟಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ನಿಯಮ ಅವನ ಕಡೆ ಇತ್ತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ದಂಡ ಕಟ್ಟಿ ಕೈಯಲ್ಲಿದ್ದ ಕೊರುನಾ ಎಲ್ಲ ಖಾಲಿ. ಮಧ್ಯಾಹ್ನ ಹಳೇ ಪೇಟೆಯ ಚೌಕದ ಹತ್ತಿರ ಒಂದು ಗಲ್ಲಿಯಲ್ಲಿ ಹಣ ಬದಲಿಸಿಕೊಡುವ ಅಂಗಡಿಯ ಮೇಲೆ 'ಕಮಿಷನ್ 0%' ಅಂತ ದೊಡ್ಡ ಬೋರ್ಡ್ ಕಂಡಿತು. ತಲೆ ಬಿಸಿ ಇತ್ತಲ್ಲ, ಲೆಕ್ಕ ಕೇಳದೆ 100 ಯೂರೋ ಒಳಗೆ ತಳ್ಳಿದೆ. ಆಗ ಯೂರೋಗೆ ಸುಮಾರು 25 ಕೊರುನಾ ಇತ್ತು. ನನ್ನ ಕೈಗೆ ಬಂದಿದ್ದು 1,700. ಕಮಿಷನ್ ಸೊನ್ನೆ ಅನ್ನುವುದು ನಿಜವೇ, ಕೊಳ್ಳೆ ಇರುವುದು ದರದಲ್ಲಿ. ರಾತ್ರಿ ಹೋಟೆಲ್ ಹುಡುಗಿ ಹೇಳಿದಳು: 2019ರಿಂದ ಅಲ್ಲಿ ಕಾನೂನು ಇದೆಯಂತೆ, 1,000 ಯೂರೋವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ ರಸೀದಿ ತೋರಿಸಿ ರದ್ದು ಮಾಡಿಸಬಹುದು. ನನ್ನ ರಸೀದಿಗೆ ಆಗಲೇ ಆರು ಗಂಟೆ ವಯಸ್ಸಾಗಿತ್ತು. ನೀವು ಆ ಚೀಟಿ ಬಿಸಾಡಬೇಡಿ.

ಇಷ್ಟಾದ ಮೇಲೆ ಬಸ್ಸು ರೈಲು ಬೇಡ, ಟ್ಯಾಕ್ಸಿಯಲ್ಲೇ ಓಡಾಡೋಣ ಅಂದ ಭಾವಮೈದುನ. ಪ್ರಾಗ್‌ನ ಬೀದಿ ಟ್ಯಾಕ್ಸಿಗಳ ಹೆಸರು ಎಷ್ಟು ಕೆಟ್ಟಿತ್ತು ಅಂದರೆ, 2005ರಲ್ಲಿ ಅಲ್ಲಿನ ಮೇಯರ್ ಪಾವೆಲ್ ಬೇಮ್ ಇಟಲಿಯ ಪ್ರವಾಸಿಯ ಹಾಗೆ ವೇಷ ಹಾಕಿ ಟ್ಯಾಕ್ಸಿ ಹತ್ತಿದ್ದರು. ಮೇಯರಿಗೇ ಹಲವು ಪಟ್ಟು ಬಾಡಿಗೆ ಬಿಗಿದರು. ಈಗ ಅಷ್ಟಿಲ್ಲ, ಆದರೂ ಬೀದಿಯಲ್ಲಿ ಕೈ ಅಡ್ಡ ಹಾಕಬೇಡಿ, ಆ್ಯಪ್‌ನಲ್ಲಿ ಕರೆಸಿ.

ಇನ್ನೊಂದು, ಇದು ದುಡ್ಡಿನ ಮಾತಲ್ಲ. ಜೀಬ್ರಾ ಪಟ್ಟೆ ಮೇಲೆ ಕಾರು ನಮಗಾಗಿ ನಿಲ್ಲಬೇಕು, ಟ್ರ್ಯಾಮ್ ನಿಲ್ಲುವುದಿಲ್ಲ. ಅಲ್ಲಿ ಮೊದಲ ಹಕ್ಕು ಟ್ರ್ಯಾಮಿಗೇ. ಗಂಟೆ ಕೇಳಿದರೆ ಹಿಂದೆ ಸರಿಯಿರಿ.

ಎರಡು ಮೂರು ದಿನ ಇರುವವರಿಗೆ 24 ಅಥವಾ 72 ಗಂಟೆಯ ಟಿಕೆಟ್ ವಾಸಿ. ಮೊದಲ ಸಲ ಸೀಲ್ ಹಾಕಿಸಿದರೆ ಆಯಿತು, ಅವಧಿ ಮುಗಿಯೋವರೆಗೂ ನಿಶ್ಚಿಂತೆ. ನಾವು ಆಮೇಲೆ ಅದನ್ನೇ ತಗೊಂಡೆವು. ಮೆಟ್ರೋ ಬಾಗಿಲಲ್ಲಿ ಮೂರಕ್ಕೂ ನಾನೇ ಟಕ್ ಟಕ್ ಅಂತ ಸೀಲ್ ಹಾಕಿಸಿದೆ. ಇಳಿದು ಟ್ರ್ಯಾಮ್ ಹತ್ತಿದೆವು, ಅಲ್ಲೂ ಹಳದಿ ಡಬ್ಬಿ. ಹೆದರಿಕೆಗೆ ಇನ್ನೊಂದು ಸಲ ತೂರಿಸಲು ಹೋದೆ. ಹೆಂಡತಿ ಮಣಿಕಟ್ಟು ಹಿಡಿದುಕೊಂಡಳು. ಎರಡನೇ ಸೀಲ್ ಬಿದ್ದರೂ ಟಿಕೆಟ್ ಕೆಡುತ್ತದೆ ಅಂತ ರಾತ್ರಿಯೆಲ್ಲ ಕೂತು ಓದಿದ್ದಳಂತೆ. ಮೂರೂ ಟಿಕೆಟ್ ಅಲ್ಲಿಂದ ಅವಳ ಬ್ಯಾಗಿಗೇ ಹೋದವು.