ಫೇಸ್ ರೀಡರ್, ಏಐ ಕ್ಯಾಮೆರಾ, ರೋಬೋ ಗಾರ್ಡ್: ನಮ್ಮ ಬಿಲ್ಡಿಂಗ್‌ನ ಹೊಸ ಸೆಕ್ಯೂರಿಟಿ ಸಿಸ್ಟಮ್ ಬಗ್ಗೆ ನನ್ನ ರಿವ್ಯೂ

ನಮ್ಮ ಆಫೀಸ್ ಬಿಲ್ಡಿಂಗಲ್ಲಿ ಹಳೇ ಕಾರ್ಡ್ ಸಿಸ್ಟಮ್ ಕಿತ್ತು ಪೂರ್ತಿ ಆಟೋಮ್ಯಾಟಿಕ್ ಸೆಕ್ಯೂರಿಟಿ ಹಾಕ್ಸಿದಾರೆ, ಬಾಗಿಲಿಗೆ ಫೇಸ್ ರೀಡರ್, ಲಾಬಿಲಿ ಒಬ್ಬೊಬ್ಬರನ್ನೇ ಒಳಗೆ ಬಿಡೋ ಟರ್ನ್‌ಸ್ಟೈಲ್ ಗೇಟು, ಕ್ಯಾಮೆರಾಗಳ ಹಿಂದೆ ಏಐ ಸಾಫ್ಟ್‌ವೇರ್, ರಾತ್ರಿ ಪಾರ್ಕಿಂಗಲ್ಲಿ ತಾನೇ ಸುತ್ತೋ ಒಂದು ರೋಬೋ. ನಾನು ಫೆಸಿಲಿಟಿ ಟೀಮಲ್ಲಿರೋದ್ರಿಂದ ವೈರಿಂಗಿಂದ ಹಿಡಿದು ಟೆಸ್ಟಿಂಗ್ ತನಕ ಎಲ್ಲಾ ಕಣ್ಣಾರೆ ನೋಡಿದೀನಿ. ಕಂಪನಿ ಹೆಸರು ಹೇಳಲ್ಲ, ಈ ಪ್ರಶ್ನೆಗಳು ಯಾವ ಬ್ರ್ಯಾಂಡ್ ತಗೊಂಡ್ರೂ ಬರೋವೇ.

ಮೊದ್ಲು ಒಳ್ಳೇದು ಹೇಳ್ತೀನಿ. ಫೇಸ್ ರೀಡರ್ ನಿಜಕ್ಕೂ ಚೆನ್ನಾಗಿದೆ, ನಡ್ಕೊಂಡ್ ಬರ್ತಿದ್ದಂಗೇ ಗುರುತು ಹಿಡಿದು ಬಾಗಿಲು ಬಿಡುತ್ತೆ, ಎರಡೂ ಕೈಲಿ ಸಾಮಾನಿದ್ದವರಿಗೆ ದೊಡ್ಡ ಅನುಕೂಲ. ಇನ್‌ಫ್ರಾರೆಡ್ ಬೆಳಕು ಬಿಟ್ಟು ಮುಖದ ಆಳ ಅಳೆಯೋದ್ರಿಂದ ಪ್ರಿಂಟ್ ಫೋಟೋ ಹಿಡಿದ್ರೂ, ಫೋನಲ್ಲಿ ವಿಡಿಯೋ ತೋರಿಸಿದ್ರೂ ಜಪ್ಪಯ್ಯ ಅನ್ಲಿಲ್ಲ. ಹಳೇ ಕಾರ್ಡ್ ಹೋಗಿದ್ದೂ ಒಳ್ಳೇದೇ ಆಯ್ತು. 125 ಕಿಲೋಹರ್ಟ್ಸ್‌ನ ಮಾಮೂಲಿ ಕಾರ್ಡಲ್ಲಿ ಎನ್‌ಕ್ರಿಪ್ಷನ್ನೇ, ಅಂದ್ರೆ ನಂಬರನ್ನ ಗುಟ್ಟಿನ ಕೋಡಲ್ಲಿ ಬಚ್ಚಿಡೋ ವ್ಯವಸ್ಥೆಯೇ ಇರಲ್ಲ, ಯಾರ್ ಬೇಕಾದ್ರೂ ಕಾಪಿ ಹೊಡೀಬಹುದು, ಅದಕ್ಕಿಂತ ಮೇಲು ಅನ್ನಿಸ್ಕೊಂಡಿದ್ದ ಮೈಫೇರ್ ಕ್ಲಾಸಿಕ್ ಕಾರ್ಡಿನ ಲಾಕನ್ನೂ ನೆದರ್ಲ್ಯಾಂಡ್ಸ್‌ನ ರಾಡ್‌ಬೌಡ್ ಯೂನಿವರ್ಸಿಟಿಯವರು 2008ರಲ್ಲೇ ಮುರಿದು ತೋರಿಸಿದ್ರು, ಆದ್ರೂ ಇವತ್ತಿಗೂ ಎಷ್ಟೋ ಬಿಲ್ಡಿಂಗ್ ಅದ್ರಲ್ಲೇ ನಡೀತಿದೆ.

ಆದ್ರೆ ರೀಡರ್ ಹೊಸದಾದ್ರೆ ಸಾಲದು, ಹಿಂದಿನ ವೈರ್ ನೋಡಿ. ರೀಡರಿಂದ ಕಂಟ್ರೋಲರ್‌ಗೆ, ಅಂದ್ರೆ ಬಾಗಿಲು ತೆಗೀಬೇಕಾ ಬೇಡ್ವಾ ಅಂತ ತೀರ್ಮಾನ ಮಾಡೋ ಡಬ್ಬಕ್ಕೆ, ವೀಗಾಂಡ್ ಅನ್ನೋ ಹಳೇ ಥರದ ವೈರಿಂಗ್ ಹಾಗೇ ಬಿಟ್ರೆ ಆ ತಂತೀಲಿ ಹೋಗೋ ನಂಬರ್ ಬರೀ ಬಯಲು, ರೀಡರ್ ಕಳಚಿ ಮಧ್ಯೆ ಒಂದು ಚಿಕ್ಕ ಬೋರ್ಡ್ ಸಿಕ್ಕಿಸಿದ್ರೆ ಆ ನಂಬರನ್ನ ಕದೀಬಹುದು. ಇದರ ಬದಲು ಓಎಸ್‌ಡಿಪಿ ಅಂತ ಹೊಸ ಸ್ಟ್ಯಾಂಡರ್ಡ್ ಇದೆ, ರೀಡರ್ರೂ ಕಂಟ್ರೋಲರ್ರೂ ಎರಡೂ ಕಡೆಯಿಂದ ಮಾತಾಡ್ಕೊಳ್ಳುತ್ವೆ, ಅದರಲ್ಲಿ ಸೆಕ್ಯೂರ್ ಚಾನೆಲ್ ಅನ್ನೋದನ್ನ ಆನ್ ಮಾಡಿದ್ರೆ ಎಇಎಸ್ ಅನ್ನೋ ಗಟ್ಟಿ ಎನ್‌ಕ್ರಿಪ್ಷನ್ ಬರುತ್ತೆ. ಆನ್ ಮಾಡಿದ್ರೆ ಮಾತ್ರ, ಅದನ್ನ ಹೇಳಿ ಮಾಡಿಸ್ಕೋಬೇಕು.

ಈಗ ನನಗೆ ಮುಖ್ಯ ಅನ್ಸೋ ವಿಷಯ. ಇಂಥ ಸಿಸ್ಟಮನ್ನ ಡೆಮೋ ನೋಡಿ ತಗೋಬೇಡಿ, ಡೆಮೋದಲ್ಲಿ ಎಲ್ಲಾ ಬಾಗಿಲೂ ತೆಗೆಯುತ್ತೆ. ಕರೆಂಟ್ ಹೋದಾಗ, ನೆಟ್‌ವರ್ಕ್ ಬಿದ್ದಾಗ, ಬೆಂಕಿ ಅಲಾರಂ ಹೊಡೆದಾಗ, ಇವ್ರು ಯಾರು ಅಂತ ಮೆಷಿನ್ನಿಗೇ ಗೊತ್ತಾಗದೇ ಇದ್ದಾಗ ಏನ್ಮಾಡುತ್ತೆ ಅನ್ನೋದನ್ನ ನೋಡಿ. 2021ರ ಅಕ್ಟೋಬರ್ 4ಕ್ಕೆ ಫೇಸ್‌ಬುಕ್ ಗಂಟೆಗಟ್ಟಲೆ ಬಂದ್ ಆಗಿತ್ತಲ್ಲ, ಅವತ್ತು ಅವರ ಸ್ವಂತ ಉದ್ಯೋಗಿಗಳ ಬ್ಯಾಡ್ಜೇ ಕೆಲ್ಸ ಮಾಡದೇ ಆಫೀಸೊಳಗೆ ಹೋಗೋಕೆ ಒದ್ದಾಡಿದ್ರು ಅಂತ ವರದಿ ಬಂತು. ಅಷ್ಟು ದೊಡ್ಡ ಟೆಕ್ ಕಂಪನಿಗೇ ಹಾಗಾದ್ರೆ ನಮ್ಮ ನಿಮ್ಮ ಬಿಲ್ಡಿಂಗ್ ಕಥೆ ಯೋಚ್ನೆ ಮಾಡಿ.

ನಾವು ನೆಟ್‌ವರ್ಕ್ ಕೇಬಲ್ ಎಳೆದು ನೋಡಿದ್ವಿ. ಕಂಟ್ರೋಲರಲ್ಲೇ ಲಿಸ್ಟ್ ಇಟ್ಕೊಂಡಿದ್ದ ಬಾಗಿಲುಗಳು ಏನೂ ಆಗದವರ ಥರ ತೆಗೆದ್ವು, ಮೇಲಿನ ಫ್ಲೋರಿನ ಒಂದು ರೀಡರ್ ಮಾತ್ರ ಕ್ಲೌಡ್, ಅಂದ್ರೆ ಇಂಟರ್ನೆಟ್ ಆಚೆ ಇರೋ ಸರ್ವರ್, ಉತ್ತರ ಕೊಡ್ಲಿ ಅಂತ ಸುಮ್ನೆ ಸುತ್ತು ಹಾಕ್ತಾ ನಿಂತ್ಬಿಡ್ತು. ಅದನ್ನ ಸರಿ ಮಾಡ್ಸೋ ತನಕ ನಾವು ಸೈನ್ ಹಾಕ್ಲಿಲ್ಲ.

ಬೆಂಕಿ ವಿಷಯ ಇನ್ನೂ ಗಂಭೀರ. ಮ್ಯಾಗ್ನೆಟಿಕ್ ಲಾಕ್ ಕರೆಂಟ್ ಹೋದ್ರೆ ಬಿಟ್ಕೊಳ್ಳುತ್ತೆ, ಸೇಫ್ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಅದೇ ಲಾಕಿಗೆ ಬ್ಯಾಟರಿ ಬ್ಯಾಕಪ್ ಕೊಟ್ಟಿರ್ತಾರೆ, ಕರೆಂಟ್ ಹೋದ್ರೂ ಬ್ಯಾಟರಿ ಮೇಲೆ ಬಾಗಿಲು ಗಟ್ಟಿಯಾಗಿ ಹಿಡ್ಕೊಂಡೇ ಇರುತ್ತೆ. ಅದಕ್ಕೇ ಬೆಂಕಿ ಅಲಾರಂ ಪ್ಯಾನೆಲ್‌ನ ರಿಲೇ ಸ್ವಿಚ್ಚು ನೇರವಾಗಿ ಲಾಕಿನ ಪವರ್ ಕಟ್ ಮಾಡ್ಬೇಕು, ನಮ್ಮ ವೆಂಡರ್ ಅದನ್ನ ಸಾಫ್ಟ್‌ವೇರ್ ಮೂಲಕ ಮಾಡ್ತೀವಿ ಸರ್, ಎಲ್ಲಾ ಇಂಟಿಗ್ರೇಟೆಡ್ ಅಂದ್ರು, ನಾವು ಬಿಲ್ಕುಲ್ ಒಪ್ಲಿಲ್ಲ. ಹೊಗೆ ತುಂಬಿದಾಗ ಜನ ಹೊರಗೆ ಬರೋದು ಸರ್ವರ್ ಹ್ಯಾಂಗ್ ಆಗಿದ್ಯಾ ಇಲ್ವಾ ಅನ್ನೋದ್ರ ಮೇಲೆ ನಿಂತಿರಬಾರದು.

ಇನ್ನು ಗುರುತು ಹಿಡಿಯದೇ ಇರೋದು. ಹೌಸ್‌ಕೀಪಿಂಗ್‌ನ ಒಬ್ಬರು ಅಕ್ಕನ್ನ ಬೆಳಿಗ್ಗೆ ಶಿಫ್ಟಲ್ಲಿ ಮೆಷಿನ್ ಪದೇ ಪದೇ ವಾಪಸ್ ಕಳಿಸ್ತಿತ್ತು, ಪಕ್ಕದಲ್ಲಿ ಎಲ್ಲರೂ ಒಳಗೆ ಹೋಗ್ತಿದ್ರೆ ಅವ್ರು ಮಾತ್ರ ಕಳ್ಳರ ಥರ ನಿಂತಿರ್ಬೇಕು, ನೋಡೋಕೇ ಸಂಕಟ ಆಗ್ತಿತ್ತು. ಹಿಂದಿನ ಗಾಜಿನ ಗೋಡೆಯಿಂದ ಬಿಸಿಲು ಹೊಡೆದು ಮುಖ ಕಪ್ಪಾಗಿ ಬೀಳ್ತಿತ್ತು, ರೀಡರ್ ಜಾಗ ಬದಲಾಯಿಸಿ ಅವರ ಮುಖ ಹೊಸದಾಗಿ ಎನ್ರೋಲ್ ಮಾಡಿದ್ಮೇಲೆ ಸರಿ ಹೋಯ್ತು. ಆದ್ರೆ ಎಲ್ಲಾನೂ ಬೆಳಕಿನ ಮೇಲೆ ಹಾಕೋಕಾಗಲ್ಲ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2019ರಲ್ಲಿ ಮುಖ ಗುರುತಿಸೋ 189 ಅಲ್ಗಾರಿದಮ್ (ಸಾಫ್ಟ್‌ವೇರ್ ಲೆಕ್ಕಾಚಾರ) ಪರೀಕ್ಷೆ ಮಾಡಿ, ಒಬ್ಬರನ್ನ ಇನ್ನೊಬ್ಬರು ಅಂತ ತಪ್ಪಾಗಿ ಒಪ್ಕೊಳ್ಳೋದು ಕೆಲವು ಜನಾಂಗದವರಲ್ಲಿ 10ರಿಂದ 100 ಪಟ್ಟು ಜಾಸ್ತಿ ಇರಬಹುದು, ಆದ್ರೆ ಅಲ್ಗಾರಿದಮ್‌ನಿಂದ ಅಲ್ಗಾರಿದಮ್‌ಗೆ ತುಂಬಾ ವ್ಯತ್ಯಾಸ ಇದೆ ಅಂತ ಹೇಳಿತ್ತು. ಹಾಗಾಗಿ ಯಾವ ಅಲ್ಗಾರಿದಮ್ ಹಾಕಿದೀರ ಅಂತ ಹೆಸರು ಹಿಡಿದು ಕೇಳಿ. ಜೊತೆಗೆ ಮುಖ ಗುರುತು ಸಿಗದವರಿಗೆ ಅಂತ ಕಾರ್ಡ್ ದಾರಿಯೂ ಇರ್ಲಿ (ಆ ಹಳೇ ಕಾರ್ಡಲ್ಲ, ಎನ್‌ಕ್ರಿಪ್ಷನ್ ಗಟ್ಟಿ ಇರೋದು), ಒಬ್ಬ ಗಾರ್ಡೂ ಇರ್ಲಿ.

ರೋಬೋ ಬಗ್ಗೆ ಜಾಸ್ತಿ ಹೇಳೋದಿಲ್ಲ. ತಾನೇ ಚಾರ್ಜ್ ಮಾಡ್ಕೊಳ್ಳುತ್ತೆ, ಕೆಟ್ಟ ಲೈಟು, ತೆರೆದಿಟ್ಟ ಶಟರ್ ಕಂಡ್ರೆ ಕಂಟ್ರೋಲ್ ರೂಮ್‌ಗೆ ಹೇಳುತ್ತೆ, ಮೆಟ್ಲು ಹತ್ತಲ್ಲ. 2017ರಲ್ಲಿ ವಾಷಿಂಗ್ಟನ್‌ನಲ್ಲಿ ನೈಟ್‌ಸ್ಕೋಪ್ ಕಂಪನಿಯ ಸೆಕ್ಯೂರಿಟಿ ರೋಬೋ ಒಂದು ಕಾರಂಜಿ ಕೊಳಕ್ಕೇ ಇಳಿದುಬಿಟ್ಟಿತ್ತು, ಇದನ್ನ ನಂಬಿ ಗಾರ್ಡ್‌ಗಳನ್ನ ಕಡಿಮೆ ಮಾಡೋ ಯೋಚ್ನೆ ಇದ್ರೆ ದಯವಿಟ್ಟು ಬಿಡಿ. ಏಐ ಕ್ಯಾಮೆರಾ ಪರವಾಗಿಲ್ಲ, ಒಬ್ಬರ ಹಿಂದೆ ಇನ್ನೊಬ್ಬರು ನುಗ್ಗೋದನ್ನ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಶುರುವಲ್ಲಿ ಸುಳ್ಳು ಅಲರ್ಟ್ ಎಷ್ಟು ಬರ್ತಿತ್ತು ಅಂದ್ರೆ ಕಂಟ್ರೋಲ್ ರೂಮಿನವರು ನೋಡೋದನ್ನೇ ಬಿಟ್ಟಿದ್ರು.

ಕೊನೇದು ಡೇಟಾ. ಪಾಸ್‌ವರ್ಡ್ ಕದ್ರೆ ಬದಲಾಯಿಸ್ಬಹುದು, ಮುಖ ಬದಲಾಯಿಸೋಕಾಗಲ್ಲ. 2019ರಲ್ಲಿ ಬಯೋಸ್ಟಾರ್ 2 ಅನ್ನೋ ಬಾಗಿಲು ಸೆಕ್ಯೂರಿಟಿ ಸಿಸ್ಟಮಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರ ಬೆರಳಚ್ಚು ಇಂಟರ್ನೆಟ್ಟಲ್ಲಿ ಬಯಲಾಗಿ ಬಿದ್ದಿದ್ವು ಅಂತ ವರದಿ ಬಂತು, 2021ರಲ್ಲಿ ವರ್ಕಾಡಾ ಕಂಪನಿಯ ಸುಮಾರು ಒಂದೂವರೆ ಲಕ್ಷ ಕ್ಯಾಮೆರಾ ಹ್ಯಾಕರ್‌ಗಳ ಕೈಗೆ ಸಿಕ್ಕಿದ್ವು, ಅದೂ ಒಂದು ಅಡ್ಮಿನ್ ಲಾಗಿನ್ನಿಂದ. ಕೆಲಸ ಬಿಟ್ಟು ಹೋದವರ ಮುಖದ ಡೇಟಾ ಯಾವಾಗ ಅಳಿಸ್ತೀರ, ಸೂಪರ್ ಅಡ್ಮಿನ್ ಲಾಗಿನ್ ಯಾರ್ಯಾರ ಹತ್ರ ಇದೆ ಅಂತ ನಮ್ಮ ವೆಂಡರ್‌ಗೆ ಲಿಖಿತವಾಗಿ ಕೇಳಿದೀವಿ, ಬಾಯಲ್ಲಿ ಹೇಳ್ತಾರೆ, ಕಾಗದದಲ್ಲಿ ಇನ್ನೂ ಕೊಟ್ಟಿಲ್ಲ. ಸದ್ಯಕ್ಕೆ ಐದಕ್ಕೆ ಮೂರು ಸ್ಟಾರ್, ಆ ಉತ್ತರ ಬಂದ್ಮೇಲೆ ನಾಲ್ಕನೇದು ಕೊಡ್ತೀನಿ.