ಮ್ಯಾಡ್ರಿಡ್‌ನಲ್ಲಿ ಎಂಟು ವಾರದ ಸ್ಪ್ಯಾನಿಷ್ ಕೇಳುವ ಕ್ಲಾಸ್: ಸೇರಬಹುದಾ?

ಇಲ್ಲಿಗೆ ಬಂದು ಎರಡು ವರ್ಷ ಆಗಿತ್ತು. ಸ್ಪ್ಯಾನಿಷ್ ಪೇಪರ್ ಓದುತ್ತೇನೆ, ಆಫೀಸಿನಲ್ಲಿ ಮೇಲ್ ಬರೆಯುತ್ತೇನೆ. ಆದರೆ ಯಾರಾದರೂ ಎದುರಿಗೆ ನಿಂತು ಮಾತಾಡಿದರೆ ಅರ್ಧಕ್ಕರ್ಧ ತಪ್ಪಿಹೋಗುತ್ತಿತ್ತು. ಒಂದು ದಿನ ಹಣ್ಣಿನ ಅಂಗಡಿಯಾಕೆ "ಲಾಸೂವಾಸ್?" ಅಂತ ಕೇಳಿದರು. "ಲಾ" ಗೊತ್ತು, ಈ "ಸೂವಾಸ್" ಯಾವುದು? ಫೋನಲ್ಲಿ ಹುಡುಕಿದರೆ ಸಿಗಲಿಲ್ಲ, ತಲೆ ತುಂಬ ನಮ್ಮ ಸುವಾಸನೆಯೇ ಸುತ್ತುತ್ತಿತ್ತು. ಆಮೇಲೆ ಆಕೆ ದ್ರಾಕ್ಷಿ ಗೊಂಚಲು ಎತ್ತಿ ತೋರಿಸಿದರು. ಲಾಸ್ ಊವಾಸ್. ನನಗೆ ಮೊದಲ ತಿಂಗಳಲ್ಲೇ ಬಂದಿದ್ದ ಪದ!

ಆ ವಾರವೇ ಲಾವಾಪಿಯೆಸ್ ಕಡೆಯ ಒಂದು ಸಣ್ಣ ಭಾಷಾ ಶಾಲೆಯಲ್ಲಿ ಈ ಕ್ಲಾಸಿಗೆ ಸೇರಿದೆ. ವಾರಕ್ಕೆ ಎರಡು ಸಂಜೆ, ಒಂದೂವರೆ ಗಂಟೆ, ಒಟ್ಟು 180 ಯೂರೋ. ವ್ಯಾಕರಣ ಇಲ್ಲ, ಸಂಭಾಷಣೆ ಇಲ್ಲ, ಬರೀ ಕಿವಿಗೆ ಕೆಲಸ.

ನನಗೆ ತುಂಬಾ ಹಿಡಿಸಿದ್ದು ತುಂಡು ಕೇಳಿಸುವ ಅಭ್ಯಾಸ. ಟೀಚರ್ ಒಂದು ಪದದ ಮೊದಲ ಚೂರು ಮಾತ್ರ ಹಾಕುತ್ತಾರೆ: "ಕ..." ಯಾವ ಪದ ಇರಬಹುದು, ಬರೆಯಿರಿ. ನಾವೆಲ್ಲ ಕಾಸಾ, ಕಾಯೆ, ಕಾಮಾ ಅಂತ ಬರೆದೆವು. ಮನೆ, ಬೀದಿ, ಮಂಚ. ಮುಂದಿನ ಚೂರು "ಕಮೀ...", ಆಮೇಲೆ "ಕಮೀಸ್..." ಅಷ್ಟು ಹೊತ್ತಿಗೆ ಅಂಗಿ ಅಂತ ಎಲ್ಲರಿಗೂ ಗೊತ್ತಾಯಿತು. ಆಗ ಟೀಚರ್ ಹೇಳಿದರು, ಆ ಮೊದಲ "ಕ" ಮೇಲೆ ಭಾರವೇ ಇರಲಿಲ್ಲ, ಕಾಸಾ ಆಗಿದ್ದರೆ ಭಾರ ಅಲ್ಲೇ ಬೀಳುತ್ತಿತ್ತು, ಇಲ್ಲಿನವರ ಕಿವಿ ಅದನ್ನು ಗಮನಿಸುತ್ತದೆ. ಇದು ಅವರ ಸ್ವಂತ ಊಹೆಯಲ್ಲ. ಸ್ಪ್ಯಾನಿಷ್ ಮಾತೃಭಾಷೆಯವರು ಪದ ಮುಗಿಯುವ ಮೊದಲೇ ಒತ್ತು ಎಲ್ಲಿ ಬಿತ್ತು ಅಂತ ನೋಡಿ ಬೇಡದ ಪದಗಳನ್ನು ಕೈಬಿಡುತ್ತಾರೆ ಅಂತ 2001ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿದೆ. ಪ್ರಿನ್ಸಿಪೆ ಅಂದರೆ ರಾಜಕುಮಾರ, ಪ್ರಿನ್ಸಿಪಿಯೊ ಅಂದರೆ ಆರಂಭ. ಎರಡೂ ಶುರುವಾಗುವುದು "ಪ್ರಿನ್ಸಿ" ಅಂತಲೇ, ಆದರೆ ಒಂದರಲ್ಲಿ ಒತ್ತು "ಪ್ರಿನ್" ಮೇಲೆ, ಇನ್ನೊಂದರಲ್ಲಿ "ಸಿ" ಮೇಲೆ. ಅಷ್ಟು ಸಾಕು ಅವರಿಗೆ.

ಕನ್ನಡದಲ್ಲಿ ಒತ್ತು ಜಾಗ ಬದಲಾಯಿಸಿದರೆ ಅರ್ಥ ಬದಲಾಗುವುದಿಲ್ಲ, ಅಲ್ವಾ? ಅದಕ್ಕೇ ಇದು ನಮಗೆ ಕಷ್ಟ. ಆದರೆ ಬಿಡು, ಬೀಡು ಬೇರೆ ಅಂತ ನಮ್ಮ ಕಿವಿಗೆ ಚೆನ್ನಾಗಿ ಗೊತ್ತು. ನಾನು ಮೂರನೇ ವಾರದಿಂದ ಡಿಕ್ಟೇಶನ್ನನ್ನು ಕನ್ನಡ ಲಿಪಿಯಲ್ಲೇ ಬರೆಯಲು ಶುರುಮಾಡಿದೆ. "ನಾನು ಮಾತಾಡುತ್ತೇನೆ" ಆಬ್ಲೊ, "ಅವನು ಮಾತಾಡಿದ" ಅಬ್ಲೋ. ಅದು ಪೂರ್ತಿ ದೀರ್ಘ ಅಲ್ಲ, ಆದರೂ ಭಾರ ಎಲ್ಲಿದೆ ಅಂತ ಹೀಗೆ ಬರೆದಾಗ ಕಣ್ಣಿಗೆ ಕಾಣುತ್ತದೆ. ನನ್ನ ಮಟ್ಟಿಗೆ ಇಡೀ ಕೋರ್ಸಿನ ದೊಡ್ಡ ಲಾಭ ಇದೇ. ಇನ್ನು ಪೆರೊ ಮತ್ತು ಪೆರ್‍ರೊ, ಅಂದರೆ "ಆದರೆ" ಮತ್ತು "ನಾಯಿ", ಬೇರೆಯವರು ಒದ್ದಾಡುತ್ತಿದ್ದರೆ ನನಗೆ ಮೊದಲ ಸಲವೇ ಕೇಳಿಸಿತು. ಕತೆ, ಕತ್ತೆ ಹೇಳಿಕೊಂಡು ಬೆಳೆದವರಲ್ವಾ ನಾವು!

ಪದಗಳು ಅಂಟಿಕೊಳ್ಳುವುದಕ್ಕೂ ನಾಲ್ಕು ತರಗತಿ ಕೊಟ್ಟರು. ಹಿಂದಿನ ಪದದ ಕೊನೆಯ ವ್ಯಂಜನ ಮುಂದಿನ ಸ್ವರಕ್ಕೆ ಹೋಗಿ ಸೇರುತ್ತದೆ, ಲೋಸ್ ಓತ್ರೋಸ್ ಹೋಗಿ ಲೊಸೋತ್ರೋಸ್ ಆಗುತ್ತದೆ. ನಾವು "ಮನೇಲಿಲ್ವಂತೆ" ಅನ್ನುವಾಗ ಹೊಸಬರಿಗೆ ಎಷ್ಟು ಪದ ಕೇಳಿಸೀತು, ಯೋಚಿಸಿ.

ಬೇಸರ ತಂದಿದ್ದು ಹೋಮ್‌ವರ್ಕಿಗೆ ಕೊಟ್ಟ ಆಪ್. ಅದು ಪ್ರತಿ ವಾಕ್ಯವನ್ನೂ ಎಳೆದು ನಿಧಾನವಾಗಿ, ಪದ ಪದ ಬಿಡಿಸಿ ಹೇಳುತ್ತದೆ. ಹಾಗೆ ಬಿಡಿಸಿದರೆ ನಮಗೆ ಕಲಿಯಬೇಕಾಗಿರುವ ಅಂಟೇ ಇರುವುದಿಲ್ಲ! ಸ್ಪ್ಯಾನಿಷ್ ಓದುವವರ ವೇಗವನ್ನು ಅಳೆದಾಗ ಸೆಕೆಂಡಿಗೆ ಸುಮಾರು 7.8 ಸಿಲಬಲ್ ಬಂದಿದೆ, ಇಂಗ್ಲಿಷ್‌ಗೆ ಬಂದಿದ್ದು ಸುಮಾರು 6.2. ಆ ವೇಗದಲ್ಲೇ ಚಿಕ್ಕ ಚಿಕ್ಕ ತುಂಡುಗಳನ್ನು ಹತ್ತು ಸಲ ಕೇಳಿಸಿದ್ದರೆ ಎಷ್ಟೋ ಉಪಯೋಗ ಆಗುತ್ತಿತ್ತು. ಎರಡು ಸಲ ಹೇಳಿದೆ, ನೋಡುತ್ತೇವೆ ಅಂದರು, ಏನೂ ಬದಲಾಗಲಿಲ್ಲ.

ಇನ್ನೊಂದು ಕೊರತೆ, ಎಲ್ಲ ರೆಕಾರ್ಡಿಂಗೂ ಮ್ಯಾಡ್ರಿಡ್ ದನಿಯವೇ. ದಕ್ಷಿಣ ಸ್ಪೇನಿನ ಆಂಡಲೂಸಿಯಾ ಕಡೆಯವರು ಪದದ ಕೊನೆಯ "ಸ್" ಅನ್ನು "ಹ್" ಥರ ಹೇಳುತ್ತಾರೆ, ಅಥವಾ ನುಂಗಿಯೇ ಬಿಡುತ್ತಾರೆ. ಕ್ಯೂಬಾದವರೂ ಹಾಗೇ. ನನ್ನ ಪಕ್ಕದ ಮನೆಯಜ್ಜಿ ಆ ಆಂಡಲೂಸಿಯಾದ ಸೆವಿಯಾದವರೇ, ಅವರ ಮಾತು ಹಿಡಿಯಲು ಇನ್ನೂ ಕಷ್ಟಪಡುತ್ತಿದ್ದೇನೆ.

ಎ2, ಅಂದರೆ ಯುರೋಪಿನ ಭಾಷಾ ಮಟ್ಟಗಳಲ್ಲಿ ಕೆಳಗಿನಿಂದ ಎರಡನೆಯದು, ಮುಗಿಸಿದವರು ಧಾರಾಳವಾಗಿ ಸೇರಿ. ತೀರಾ ಹೊಸಬರಿಗೆ ಬೇಡ, ಪದಗಳೇ ಗೊತ್ತಿಲ್ಲದಿದ್ದರೆ ಯಾವುದನ್ನು ಗುರುತಿಸುತ್ತೀರಿ? ಡಿಕ್ಟೇಶನ್ ಜಾಸ್ತಿ ಇರುತ್ತದೆ, ದಪ್ಪದೊಂದು ನೋಟ್‌ಬುಕ್ ಇಟ್ಟುಕೊಳ್ಳಿ. ಆಪ್ ತೆರೆಯುವ ಹೊತ್ತಿನಲ್ಲಿ ಸುಮ್ನೆ ಮಾರ್ಕೆಟ್ಟಿಗೆ ಹೋಗಿ ಒಂದು ಕಿಲೋ ದ್ರಾಕ್ಷಿ ತಗೊಂಡು ಬನ್ನಿ.